ಅಪ್ಪನಿಗೆ ಮಾತು ಬರುತ್ತಿಲ್ಲ, ಮಗ್ಗಿ ಬರುತ್ತಿದೆ. ಮೆದುಳಿನ ಯಾವ ಭಾಗ ಏನು ಮಾಡುತ್ತದೆ?

ಶ್ರೀನಗರದ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಅಪ್ಪನಿಗೆ 68 ವರ್ಷ. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಐದು ವಾರದ ಹಿಂದೆ ಬೆಳಗ್ಗೆ ಪೇಪರ್ ಓದುತ್ತಾ ಕೂತಿದ್ದರು. ಬಲಗೈಯಿಂದ ಪೇಪರ್ ಜಾರಿತು. ಎತ್ತಿಕೊಳ್ಳಲು ಹೋದರೆ ಕೈ ಏಳಲಿಲ್ಲ. "ಏನಾಯ್ತಪ್ಪಾ" ಅಂತ ಕೇಳಿದೆ. ಬಾಯಿ ತೆರೆದರು, ಮಾತು ಬರಲಿಲ್ಲ. ತುಟಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ನಮಗೆ ಲಕ್ವ ಅಂತ ಹೊಳೆಯಲೇ ಇಲ್ಲ. ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಅಲ್ಲಿ ಬಿಪಿ ನೋಡಿ, ಸುಸ್ತಾಗಿದೆ ಅಂತ ಡ್ರಿಪ್ ಹಾಕಿ ಮಲಗಿಸಿದರು. ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಐದೂವರೆ ಗಂಟೆ ಕಳೆದಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ಮನೆಗೆ ಬಂದಿದ್ದಾರೆ. ವಾಕರ್ ಹಿಡಿದು ಹಾಲ್‌ನಲ್ಲಿ ನಾಲ್ಕು ಹೆಜ್ಜೆ ನಡೆಯುತ್ತಾರೆ. ಆದರೆ ಬಲಗೈ ಹಾಗೇ ಬಿದ್ದಿದೆ. ಮಾತೂ ಇಲ್ಲ. ಡಿಸ್ಚಾರ್ಜ್ ಕಾಗದದಲ್ಲಿ "ಎಡ ಎಂಸಿಎ ಇನ್‌ಫಾರ್ಕ್ಟ್, ಬ್ರೋಕಾ ಅಫೇಸಿಯಾ" ಅಂತ ಬರೆದಿದ್ದಾರೆ. ಅದನ್ನು ಕೂತು ವಿವರಿಸುವಷ್ಟು ಹೊತ್ತು ಯಾರಿಗೂ ಇರಲಿಲ್ಲ.

ನನ್ನನ್ನು ಕಾಡುತ್ತಿರುವುದು ಇದು. ನೀರು ಬೇಕು ಅಂತ ಹೇಳಲು ಅಪ್ಪನಿಗೆ ಆಗುವುದಿಲ್ಲ. "ನೀ... ನೀ..." ಅಂತ ಒದ್ದಾಡಿ, ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಆದರೆ ಮೊನ್ನೆ ನನ್ನ ಮಗ ಹದಿಮೂರರ ಮಗ್ಗಿ ಹೇಳುತ್ತಾ ನಡುವೆ ನಿಂತುಬಿಟ್ಟ. ಮಂಚದ ಮೇಲಿಂದ ಅಪ್ಪ "ಹದಿಮೂರೇಳ್ಲಿ ತೊಂಬತ್ತೊಂದು" ಅಂದರು. ಅಲ್ಲಿಂದ ಕೊನೆವರೆಗೂ ಹೇಳಿ ಮುಗಿಸಿದರು, ಒಂದೂ ತೊದಲಿಲ್ಲ. ಮನೆಯವರೆಲ್ಲ ಓಡಿ ಬಂದೆವು. "ಅಪ್ಪಾ, ಇನ್ನೊಂದು ಸಲ ಮಾತಾಡಿ" ಅಂದರೆ ಮತ್ತೆ ಅದೇ "ನೀ... ನೀ...".

ನೋಡಲು ಬಂದ ನೆಂಟರು ಅವರ ಎದುರೇ "ಪಾಪ, ಏನೂ ಗೊತ್ತಾಗಲ್ಲ, ತಲೆ ಹೋಗಿದೆ" ಅನ್ನುತ್ತಾರೆ. ಅಪ್ಪ ಗೋಡೆ ಕಡೆ ಮುಖ ತಿರುಗಿಸುತ್ತಾರೆ. ಅವರಿಗೆ ಗೊತ್ತಾಗುತ್ತದಾ ಇಲ್ಲವಾ? ಮಗ್ಗಿ ಬರುವವರಿಗೆ ನೀರು ಅನ್ನುವ ಪದ ಯಾಕೆ ಬರುವುದಿಲ್ಲ? ಮೆದುಳಿನಲ್ಲಿ ಯಾವುದು ಎಲ್ಲಿದೆ ಅಂತ ನನಗೆ ಅರ್ಥ ಆಗಬೇಕು. ತಿಳಿದವರು ಹೇಳಿ.

ಫಿಸಿಯೋ ಅಕ್ಕ

ತಂಗಿ, ಮೊದಲ ಪ್ರಶ್ನೆಗೆ ಉತ್ತರ ಮೊದಲು. ಗೊತ್ತಾಗುತ್ತದೆ. ನಿಮ್ಮ ಅಪ್ಪನಿಗೆ ಬಹುಪಾಲು ಎಲ್ಲ ಗೊತ್ತಾಗುತ್ತಿದೆ. ಗೋಡೆ ಕಡೆ ತಿರುಗಿದ್ದೇ ಅದಕ್ಕೆ ಸಾಕ್ಷಿ. ನೆಂಟರನ್ನು ಇವತ್ತಿಂದಲೇ ತಡೆಯಿರಿ.

ನಾನು ಜಯನಗರ, ಬನಶಂಕರಿ ಕಡೆ ಮನೆಮನೆಗೆ ಹೋಗಿ ಲಕ್ವ ಆದವರಿಗೆ ವ್ಯಾಯಾಮ ಮಾಡಿಸುತ್ತೇನೆ. ಹದಿನಾಲ್ಕು ವರ್ಷ ಆಯಿತು. ಇಂಥವರನ್ನು ತುಂಬಾ ನೋಡಿದ್ದೇನೆ.

ಅಫೇಸಿಯಾ ಅಂದರೆ ಮೆದುಳಿಗೆ ಪೆಟ್ಟಾಗಿ ಮಾತು ಕೆಡುವುದು. ಬ್ರೋಕಾ ಅನ್ನುವುದು ಫ್ರಾನ್ಸಿನ ವೈದ್ಯರ ಹೆಸರು. 1861ರಲ್ಲಿ ಪ್ಯಾರಿಸ್‌ನಲ್ಲಿ ಪಾಲ್ ಬ್ರೋಕಾ ಅವರ ಬಳಿ ಒಬ್ಬ ರೋಗಿ ಬಂದ. ಏನು ಕೇಳಿದರೂ ಅವನ ಬಾಯಿಂದ "ಟಾನ್, ಟಾನ್" ಅಂತಷ್ಟೇ ಬರುತ್ತಿತ್ತು. ಆದರೆ ಹೇಳಿದ್ದು ಅರ್ಥ ಆಗುತ್ತಿತ್ತು, ಕೈಸನ್ನೆಯಲ್ಲಿ ಉತ್ತರ ಕೊಡುತ್ತಿದ್ದ. ಅವನು ತೀರಿಕೊಂಡ ಮೇಲೆ ಬ್ರೋಕಾ ಮೆದುಳು ತೆಗೆದು ನೋಡಿದರು. ಎಡಗಡೆ, ಮುಂಭಾಗದ ಕೆಳಗೆ, ಅಂದರೆ ಹೆಚ್ಚುಕಡಿಮೆ ಎಡ ಕಣತಲೆಯ ಒಳಗೆ ಒಂದು ಜಾಗ ಹಾಳಾಗಿತ್ತು. ಅದನ್ನೇ ಬ್ರೋಕಾ ಜಾಗ ಅನ್ನುತ್ತಾರೆ. ಮನಸ್ಸಿನಲ್ಲಿರುವುದನ್ನು ಪದ ಪದವಾಗಿ ಜೋಡಿಸಿ, ನಾಲಿಗೆಗೆ ಒಪ್ಪಿಸುವ ಜಾಗ ಅದು.

1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇನ್ನೊಂದು ಜಾಗದ ಬಗ್ಗೆ ಬರೆದರು. ಅದು ಎಡ ಕಿವಿಯ ಮೇಲೆ, ಸ್ವಲ್ಪ ಹಿಂದಕ್ಕೆ ಇದೆ. ಅಲ್ಲಿ ಪೆಟ್ಟಾದರೆ ಮಾತು ಧಾರಾಳವಾಗಿ ಹರಿಯುತ್ತದೆ, ಆದರೆ ಅರ್ಥ ಇರುವುದಿಲ್ಲ. ಬೇರೆಯವರು ಹೇಳಿದ್ದೂ ತಿಳಿಯುವುದಿಲ್ಲ. ನಿಮ್ಮ ಅಪ್ಪನದು ಆ ಥರದ್ದಲ್ಲ.

ಮಗ್ಗಿ ಯಾಕೆ ಬಂತು? ಮಗ್ಗಿ, ವಾರದ ಹೆಸರು, ದೇವರ ಸ್ತೋತ್ರ, ಹಾಡು, ಕೆಲವರಿಗೆ ಬೈಗುಳ, ಇವು ಯೋಚಿಸಿ ಜೋಡಿಸುವ ಮಾತಲ್ಲ. ಚಿಕ್ಕಂದಿನಿಂದ ಬಾಯಿಗೆ ಕೂತಿರುವ ಸರಪಳಿ. ಒಂದು ಕೊಂಡಿ ಹಿಡಿದರೆ ಉಳಿದದ್ದು ತಾನೇ ಬರುತ್ತದೆ. ರಾಗಕ್ಕೆ ಮೆದುಳಿನ ಬಲಭಾಗದ ಸಹಾಯ ಜಾಸ್ತಿ. ಅದು ನಿಮ್ಮ ಅಪ್ಪನಿಗೆ ಪೂರ್ತಿ ಚೆನ್ನಾಗಿದೆ. ಸ್ಪೀಚ್ ಥೆರಪಿಯವರು ಇದನ್ನೇ ಏಣಿ ಮಾಡಿಕೊಳ್ಳುತ್ತಾರೆ. ಬೇಕಾದ ಮಾತನ್ನು ರಾಗವಾಗಿ ಎಳೆದು ಹೇಳಿಸುತ್ತಾರೆ, ಜೊತೆಗೆ ಎಡಗೈಯಲ್ಲಿ ತಾಳ ಹಾಕಿಸುತ್ತಾರೆ. ನಿಧಾನಕ್ಕೆ ರಾಗ ಕಡಿಮೆ ಮಾಡಿ ಮಾತು ಉಳಿಸಿಕೊಳ್ಳುತ್ತಾರೆ. ಎಲ್ಲರಿಗೂ ಒಂದೇ ಸಮ ಫಲ ಸಿಗುವುದಿಲ್ಲ. ಆದರೆ ಮಗ್ಗಿ ಅಷ್ಟು ಸಲೀಸಾಗಿ ಬಂದಿದೆ ಅಂದರೆ ನಾಲಿಗೆ, ಗಂಟಲು ಚೆನ್ನಾಗಿವೆ ಅಂತ ಅರ್ಥ. ನನಗೆ ಭರವಸೆ ಇದೆ.

ಇನ್ನು ಕೈ. ಎಂಸಿಎ ಅಂದರೆ ಮೆದುಳಿನ ಪಕ್ಕಕ್ಕೆ ರಕ್ತ ಕೊಡುವ ದೊಡ್ಡ ನಾಳ. ಎಡಗಡೆಯದು ಕಟ್ಟಿಕೊಂಡಿದೆ. ಇನ್‌ಫಾರ್ಕ್ಟ್ ಅಂದರೆ ರಕ್ತ ಸಿಗದೆ ಸತ್ತ ಜಾಗ. ಮೆದುಳಿನಿಂದ ಇಳಿಯುವ ನರದ ಎಳೆಗಳಲ್ಲಿ ಹೆಚ್ಚಿನವು ಕತ್ತಿನ ಮೇಲೆ, ಮೆದುಳಿನ ಕೆಳತುದಿಯಾದ ಮೆಡುಲಾದ ಬುಡದಲ್ಲಿ ದಾಟಿ ಇನ್ನೊಂದು ಪಕ್ಕಕ್ಕೆ ಹೋಗುತ್ತವೆ. ಅದಕ್ಕೇ ಎಡ ಮೆದುಳಿಗೆ ಪೆಟ್ಟಾದರೆ ಬಲಗೈ ಬೀಳುತ್ತದೆ. ಕಾಲಿಗಿಂತ ಕೈ ಯಾಕೆ ಜಾಸ್ತಿ ಕೆಟ್ಟಿದೆ ಗೊತ್ತಾ? ತಲೆಯ ಮೇಲೆ ಹೇರ್‌ಬ್ಯಾಂಡ್ ಇಟ್ಟ ಹಾಗೆ ಒಂದು ಪಟ್ಟಿ ಇದೆ. ಕೈಕಾಲು ಆಡಿಸುವ ಅಪ್ಪಣೆ ಅಲ್ಲಿಂದ ಹೊರಡುತ್ತದೆ. ಆ ಪಟ್ಟಿಯಲ್ಲಿ ನಮ್ಮ ದೇಹ ತಲೆಕೆಳಗಾಗಿ ಮಲಗಿದೆ. ಕಾಲಿನ ಜಾಗ ನೆತ್ತಿಯ ನಡುವೆ, ಕೈ ಮತ್ತು ಮುಖದ ಜಾಗ ಪಕ್ಕದಲ್ಲಿ. ನೆತ್ತಿಯ ನಡುಭಾಗಕ್ಕೆ ಬೇರೆ ನಾಳ ರಕ್ತ ಕೊಡುತ್ತದೆ. ಹಾಗಾಗಿ ಕಾಲು ಸ್ವಲ್ಪ ಬಚಾವಾಗಿದೆ. ಆ ಪಟ್ಟಿಯಲ್ಲಿ ಹೆಬ್ಬೆರಳಿಗೆ, ತುಟಿಗೆ, ನಾಲಿಗೆಗೆ ಸಿಕ್ಕಿರುವಷ್ಟು ಜಾಗ ಇಡೀ ಬೆನ್ನಿಗೂ ಇಲ್ಲ. ಸೂಕ್ಷ್ಮ ಕೆಲಸಕ್ಕೆ ಜಾಗ ಜಾಸ್ತಿ ಬೇಕು ಅಲ್ವಾ.

ಓದುವ ಬೇರೆಯವರಿಗೆ ಒಂದು ಮಾತು. ಮುಖ ಸೊಟ್ಟಗಾದರೆ, ಒಂದು ಕೈ ಬಿದ್ದರೆ, ಮಾತು ತೊದಲಿದರೆ ಚಿಕ್ಕ ಕ್ಲಿನಿಕ್‌ಗೆ ಹೋಗಬೇಡಿ. ಸಿಟಿ ಸ್ಕ್ಯಾನ್ ಇರುವ, ಲಕ್ವಕ್ಕೆ ಚಿಕಿತ್ಸೆ ಕೊಡುವ ಆಸ್ಪತ್ರೆಗೆ ನೇರ ಹೋಗಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಕೆಲವರಿಗೆ ಆಮೇಲೂ ರಕ್ತನಾಳದೊಳಗೆ ತಂತಿ ಹಾಕಿ ಆ ಹೆಪ್ಪು ತೆಗೆಯುತ್ತಾರೆ. ದೊಡ್ಡ ನಾಳ ಕಟ್ಟಿಕೊಂಡಾಗ ಚಿಕಿತ್ಸೆ ಸಿಗದ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ಲೆಕ್ಕ ಹಾಕಿದ್ದಾರೆ. ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ, ರಕ್ತ ಸೋರಿದ ಲಕ್ವ ಆಗಿದ್ದರೆ ಅದು ಅಪಾಯ. ನೀರನ್ನೂ ಕುಡಿಸಬೇಡಿ, ನುಂಗುವ ಶಕ್ತಿ ಹೋಗಿದ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ನಿವೃತ್ತ ಮೇಷ್ಟ್ರು

ಅಮ್ಮಾ, ನಿಮ್ಮ ತಂದೆಯವರು ಬೇಗ ಚೇತರಿಸಿಕೊಳ್ಳಲಿ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ, ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಗಾಜಿನ ಪಾತ್ರೆಗಳಲ್ಲಿ ನಿಜವಾದ ಮೆದುಳುಗಳಿವೆ. ಲಕ್ವ ಆದದ್ದು, ಗೆಡ್ಡೆ ಬೆಳೆದದ್ದು, ಅಪಘಾತದಲ್ಲಿ ಪೆಟ್ಟಾದದ್ದು. ಕೈಗೆ ಗ್ಲೌಸ್ ಹಾಕಿಸಿ ಒಂದನ್ನು ಮುಟ್ಟಲೂ ಕೊಡುತ್ತಾರೆ. ಮೊದಲ ಸಲ ನಾನು ಅಂಗೈಯಲ್ಲಿ ಹಿಡಿದಾಗ ಗಂಟಲು ಕಟ್ಟಿತು. ಒಬ್ಬ ಮನುಷ್ಯನ ಮದುವೆ, ಮಕ್ಕಳು, ಜಗಳ, ಪ್ರೀತಿ ಎಲ್ಲ ಇದರೊಳಗೇ ಇತ್ತಲ್ಲ ಅನ್ನಿಸಿತು.

ತೂಕ 1,300ರಿಂದ 1,400 ಗ್ರಾಂ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು, ಆದರೆ ಸುಮ್ನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ನೂರಕ್ಕೆ ಇಪ್ಪತ್ತು ಪಾಲು ಇದಕ್ಕೇ ಬೇಕು. ಮ್ಯೂಸಿಯಂನಲ್ಲಿರುವುದು ಫಾರ್ಮಲಿನ್‌ನಲ್ಲಿ ಗಟ್ಟಿಯಾದದ್ದು. ಬದುಕಿರುವ ಮೆದುಳು ಗಟ್ಟಿ ಮೊಸರಿನ ಹಾಗೆ ಮೆತ್ತಗಿರುತ್ತದೆ. ಅದಕ್ಕೇ ಮೂರು ಪೊರೆ, ನಡುವೆ ನೀರಿನಂಥ ದ್ರವ, ಹೊರಗೆ ಬುರುಡೆ.

ಮೇಲೆ ಕಾಣುವ ಮಡಿಕೆ ಮಡಿಕೆಯ ದೊಡ್ಡ ಭಾಗವೇ ಮಹಾಮಸ್ತಿಷ್ಕ. ನಾನು ತರಗತಿಯಲ್ಲಿ ದೊಡ್ಡ ಮೆದುಳು ಅನ್ನುತ್ತಿದ್ದೆ. ಅದರ ಹೊರಸಿಪ್ಪೆ ಕಾರ್ಟೆಕ್ಸ್. 2ರಿಂದ 4 ಮಿಲಿಮೀಟರ್ ದಪ್ಪ, ಅಕ್ಕಿರೊಟ್ಟಿಯಷ್ಟು. ಮಡಿಕೆ ಬಿಡಿಸಿ ಹಾಸಿದರೆ ದಿನಪತ್ರಿಕೆಯ ಒಂದು ಪುಟಕ್ಕಿಂತ ಸ್ವಲ್ಪ ದೊಡ್ಡದಾಗುತ್ತದೆ. ಬುರುಡೆಯಲ್ಲಿ ಹಿಡಿಸಬೇಕಲ್ಲ, ಅದಕ್ಕೇ ಮಡಿಕೆ. ಎಡ ಬಲ ಎರಡು ಹೋಳು. ನಡುವೆ ಸುಮಾರು 20 ಕೋಟಿ ಎಳೆಗಳ ಸೇತುವೆ ಇದೆ, ಕಾರ್ಪಸ್ ಕಲೋಸಮ್ ಅಂತ ಹೆಸರು. ಪ್ರತಿ ಹೋಳಿನಲ್ಲೂ ನಾಲ್ಕು ಹಾಲೆ. ಹಣೆಯ ಹಿಂದಿನದು ಯೋಜನೆ, ಸಂಯಮ, ಚಲನೆಗೆ. ನೆತ್ತಿಯ ಹಿಂಭಾಗದ್ದು ಸ್ಪರ್ಶ ಮತ್ತು ಜಾಗದ ಅರಿವಿಗೆ. ಕಿವಿಯ ಪಕ್ಕದ್ದು ಕೇಳುವುದಕ್ಕೆ, ನೆನಪಿಗೆ. ತಲೆಯ ಹಿಂಭಾಗದ್ದು ನೋಡುವುದಕ್ಕೆ. ಕಣ್ಣು ಮುಂದಿದ್ದರೂ ದೃಶ್ಯ ಮೂಡುವುದು ಹಿಂದೆ. ಮಕ್ಕಳಿಗೆ ಇದನ್ನು ಹೇಳಿದಾಗ ಎಲ್ಲರೂ ತಲೆಯ ಹಿಂದೆ ಕೈ ಇಟ್ಟು ನೋಡಿಕೊಳ್ಳುತ್ತಿದ್ದರು.

ದೊಡ್ಡ ಮೆದುಳಿನ ಕೆಳಗೆ, ಹಿಂದೆ, ಹೂಕೋಸಿನ ತುಂಡಿನ ಹಾಗೆ ಇರುವುದು ಅನುಮಸ್ತಿಷ್ಕ. ಕಿರುಮೆದುಳು ಅಂದರೂ ಆಯಿತು. ಗಾತ್ರದಲ್ಲಿ ಹತ್ತರಲ್ಲಿ ಒಂದು ಪಾಲು. ಆದರೆ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಇಲ್ಲೇ ಇವೆ! ದರ್ಶಿನಿಯಲ್ಲಿ ಕಾಫಿ ಮಾಡುವವರು ಒಂದು ಮೊಳ ಎತ್ತರದಿಂದ ಲೋಟಕ್ಕೆ ಕಾಫಿ ಎರೆಯುತ್ತಾರೆ. ಒಂದು ಹನಿ ಚೆಲ್ಲುವುದಿಲ್ಲ. ಆ ಹದ ಕಿರುಮೆದುಳಿನದು. ಕೈ ಎಷ್ಟು ಎತ್ತಬೇಕು, ಯಾವಾಗ ನಿಲ್ಲಿಸಬೇಕು ಅಂತ ಕ್ಷಣಕ್ಷಣಕ್ಕೂ ತಿದ್ದುತ್ತಾ ಇರುತ್ತದೆ. ಕುಡಿದವರು ತೂರಾಡುವುದು ಮದ್ಯ ಇದನ್ನು ಮಂಕಾಗಿಸುವ ಕಾರಣಕ್ಕೆ.

ಒಳಗಡೆ ಥಲಾಮಸ್ ಇದೆ. ಕಣ್ಣು, ಕಿವಿ, ಚರ್ಮದಿಂದ ಬರುವ ಸುದ್ದಿ ಇಲ್ಲಿ ಇಳಿದು ಮೇಲೆ ಹೋಗುತ್ತದೆ, ವಾಸನೆ ಮಾತ್ರ ಇದನ್ನು ಕಾಯದೆ ನೇರ ಒಳಗೆ ಹೋಗುತ್ತದೆ. ಅದರ ಕೆಳಗೆ ಹೈಪೋಥಲಾಮಸ್. ಬಾದಾಮಿಯಷ್ಟು ಚಿಕ್ಕದು. ಹಸಿವು, ಬಾಯಾರಿಕೆ, ಮೈಬಿಸಿ ಅದರ ಉಸ್ತುವಾರಿ. ಮೆದುಳು ಕಾಂಡದ ಬಗ್ಗೆ ಬೇರೆ ಯಾರಾದರೂ ಬರೆಯಲಿ, ಕಣ್ಣು ನೋಯುತ್ತಿದೆ.

ಆಟೋ ಅಣ್ಣ

ಮೇಷ್ಟ್ರೇ, ತುಂಬಾ ಚೆನ್ನಾಗಿ ಹೇಳಿದ್ರಿ. ನಂದೊಂದು ಪ್ರಶ್ನೆ. ಇಪ್ಪತ್ತೆರಡು ವರ್ಷದಿಂದ ಆಟೋ ಓಡಿಸುತ್ತಿದ್ದೇನೆ. ಅವೆನ್ಯೂ ರಸ್ತೆ, ಚಿಕ್ಕಪೇಟೆ, ಕಾಟನ್‌ಪೇಟೆಯ ಗಲ್ಲಿ ಗಲ್ಲಿ ಕಣ್ಣು ಮುಚ್ಚಿದರೂ ಕಾಣುತ್ತದೆ. ನನ್ನ ಮಗ ಮ್ಯಾಪ್ ಇಲ್ಲದೆ ಮಲ್ಲೇಶ್ವರಕ್ಕೂ ಹೋಗಲ್ಲ. ದಾರಿಯ ನೆನಪಿಗೆ ಮೆದುಳಲ್ಲಿ ಬೇರೆ ಜಾಗ ಇದೆಯಾ? ಇನ್ನೊಂದು, ನಾವು ಮೆದುಳಲ್ಲಿ ನೂರಕ್ಕೆ ಹತ್ತು ಭಾಗ ಮಾತ್ರ ಬಳಸುತ್ತೇವೆ ಅಂತಾರೆ. ನಿಜನಾ?

ನಿವೃತ್ತ ಮೇಷ್ಟ್ರು

ಹತ್ತು ಭಾಗದ ಮಾತು ಸುಳ್ಳು. ಉಳಿದ ತೊಂಬತ್ತು ಸುಮ್ನೆ ಇದ್ದಿದ್ದರೆ, ಅಲ್ಲಿ ಲಕ್ವ ಆದವರಿಗೆ ಏನೂ ಆಗಬಾರದಿತ್ತು. ಸ್ಕ್ಯಾನ್‌ನಲ್ಲಿ ನೋಡಿದರೆ ದಿನದಲ್ಲಿ ಎಲ್ಲ ಭಾಗವೂ ಕೆಲಸ ಮಾಡುತ್ತದೆ, ನಿದ್ದೆಯಲ್ಲೂ.

ದಾರಿಗೆ ಜಾಗ ಇದೆ ಕಣಪ್ಪಾ. ಹಿಪ್ಪೊಕ್ಯಾಂಪಸ್ ಅಂತ. ಕಿವಿಯ ಪಕ್ಕದ ಹಾಲೆಯ ಒಳಗೆ, ಎರಡೂ ಕಡೆ ಒಂದೊಂದು. ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸುವವರು ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾಗಬೇಕು. 2000ದಲ್ಲಿ ಎಲಿನಾರ್ ಮಗ್ವೈರ್ ಮತ್ತು ಜೊತೆಗಾರರು ಆ ಚಾಲಕರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಬೇರೆಯವರಿಗಿಂತ ದೊಡ್ಡದಾಗಿತ್ತು. ಹೆಚ್ಚು ವರ್ಷ ಓಡಿಸಿದವರಲ್ಲಿ ಇನ್ನೂ ದೊಡ್ಡದು. ನಿಮ್ಮ ಚಿಕ್ಕಪೇಟೆ ಗಲ್ಲಿಗಳ ನಕ್ಷೆಗೂ ಆ ಹಿಪ್ಪೊಕ್ಯಾಂಪಸ್ಸೇ ಬೇಕು.

ಅದೇ ಜಾಗ ಹೊಸ ನೆನಪು ಕಟ್ಟುತ್ತದೆ. ಅಮೆರಿಕದ ಹೆನ್ರಿ ಮೊಲೈಸನ್ ಅನ್ನುವವರಿಗೆ ಮೂರ್ಛೆರೋಗ ಇತ್ತು. 1953ರಲ್ಲಿ ಎರಡೂ ಕಡೆ ಆ ಭಾಗದ ಬಹುಪಾಲು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಆಮೇಲೆ ಅವರಿಗೆ ಹೊಸದು ಯಾವುದೂ ನೆನಪಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಅನ್ನುವ ವಿಜ್ಞಾನಿ ವರ್ಷಗಟ್ಟಲೆ ಅವರನ್ನು ಪರೀಕ್ಷಿಸಿದರು. ಪ್ರತಿಸಲವೂ ಅವರಿಗೆ ಮಿಲ್ನರ್ ಹೊಸಬರೇ. ಆದರೂ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವುದನ್ನು ದಿನೇ ದಿನೇ ಚೆನ್ನಾಗಿ ಕಲಿತರು. ನಿನ್ನೆ ಅಭ್ಯಾಸ ಮಾಡಿದ್ದು ಅವರಿಗೆ ನೆನಪಿಲ್ಲ, ಕೈಗೆ ನೆನಪಿದೆ. 2008ರವರೆಗೆ ಹಾಗೇ ಬದುಕಿದರು.

ಮಲ್ಲಿಗೆ ಮೊಗ್ಗು

ಮೇಷ್ಟ್ರೇ, ಕೊನೆಯ ಸಾಲು ಓದಿ ನನ್ನ ಅಜ್ಜಿ ನೆನಪಾದರು. ಅಜ್ಜಿಗೆ ಆಲ್ಝೈಮರ್ ಇತ್ತು. ಬೆಳಗ್ಗೆ ತಿಂದ ಉಪ್ಪಿಟ್ಟು ಹತ್ತು ನಿಮಿಷಕ್ಕೆ ಮರೆತು "ನನಗೆ ತಿಂಡಿ ಕೊಟ್ಟಿಲ್ಲ" ಅನ್ನುತ್ತಿದ್ದರು. ಆದರೆ ಕಂಠೀರವ ಸ್ಟೇಡಿಯಂ ಇರುವ ಜಾಗದಲ್ಲಿ ಮೊದಲು ಸಂಪಂಗಿ ಕೆರೆ ಇದ್ದದ್ದು, ಅವರ ಅಪ್ಪ ಅದರ ಕಥೆ ಹೇಳಿದ್ದು ಎಲ್ಲ ನೆನಪಿತ್ತು. ಈ ಕಾಯಿಲೆ ಹಿಪ್ಪೊಕ್ಯಾಂಪಸ್ ಮತ್ತು ಅದರ ಪಕ್ಕದಲ್ಲಿ ಶುರುವಾಗುತ್ತದೆ, ಅದಕ್ಕೇ ಹೊಸದು ಮೊದಲು ಹೋಗುತ್ತದೆ ಅಂತ ಡಾಕ್ಟರ್ ಹೇಳಿದ್ದರು.

ನನ್ನ ಹೆಸರೇ ಮರೆತ ದಿನ ಅವರ ಮಡಿಲಿಗೆ ಮಲ್ಲಿಗೆ ಮೊಗ್ಗು, ಬಾಳೆನಾರು ಹಾಕಿದೆ. ಬೆರಳು ತಾನಾಗಿ ಓಡಿತು. ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ, ಒಂದು ಗಂಟು. ಅರ್ಧ ಗಂಟೆಯಲ್ಲಿ ಎರಡು ಮೊಳ. ಕಟ್ಟಿ ಮುಗಿಸಿ ನನ್ನ ಜಡೆ ಮುಟ್ಟಿ ನೋಡಿದರು, ಮುಡಿಸಿದರು. ಆ ಕೈನೆನಪು ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಅನ್ನುವ ಕೋಶಗಳ ಗುಂಪು ಮತ್ತು ಕಿರುಮೆದುಳಿನ ಕಡೆ ಇರುತ್ತದಂತೆ. ಕಾಯಿಲೆ ಅಲ್ಲಿಗೆ ಇನ್ನೂ ಹೋಗಿರಲಿಲ್ಲ.

ಶ್ರೀನಗರದ ಅಕ್ಕ, ನಿಮ್ಮ ಅಪ್ಪನ ಕೈಗೂ ಏನಾದರೂ ಹಳೆಯ ಕೆಲಸದ ವಸ್ತು ಕೊಟ್ಟು ನೋಡಿ.

ಎಲೆ ಊಟ

ನಮ್ಮ ಅತ್ತೆಯದು ಬಲಗಡೆಯ ಲಕ್ವ. ಅಂದರೆ ಬಲ ಮೆದುಳಿಗೆ. ಮಾತು ಚೆನ್ನಾಗಿತ್ತು, ಹಾಗಾಗಿ ನಾವು ಬಚಾವಾದೆವು ಅಂದುಕೊಂಡೆವು.

ಮನೆಯಲ್ಲಿ ಸತ್ಯನಾರಾಯಣ ಪೂಜೆ. ಎಲೆ ಹಾಕಿ ಕೂರಿಸಿದೆವು. ಬಲಗಡೆಯ ಪಾಯಸ ತಿಂದರು, ಎಲೆಯ ಬಲ ಅರ್ಧದಲ್ಲಿದ್ದ ಅನ್ನ ತಿಂದರು. "ಪಲ್ಯ ಬಡಿಸಲೇ ಇಲ್ಲ" ಅಂತ ಬೇಜಾರು ಮಾಡಿಕೊಂಡರು. ಎಡತುದಿಯ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಹಾಗೇ ಇತ್ತು. ಎಲೆ ತಿರುಗಿಸಿ ಇಟ್ಟೆ. ಆಗ ಕಂಡಿತು! ಮರುದಿನ ಬಾಗಿಲಲ್ಲಿ ರಂಗೋಲಿ ಬರೆಯುತ್ತೇನೆ ಅಂತ ಹಟ ಹಿಡಿದರು. ಬಲ ಅರ್ಧ ಎಷ್ಟು ಚೆಂದ ಬಂದಿತ್ತು ಗೊತ್ತಾ. ಎಡ ಅರ್ಧ ಖಾಲಿ. ಅವರಿಗೆ ಪೂರ್ತಿ ರಂಗೋಲಿ ಅಂತಲೇ ಅನ್ನಿಸಿತ್ತು.

ಕಣ್ಣು ಕೆಟ್ಟಿರಲಿಲ್ಲ. ನೆತ್ತಿಯ ಹಿಂದಿನ ಬಲ ಹಾಲೆಗೆ ಪೆಟ್ಟಾದರೆ ಎಡಗಡೆಯ ಜಗತ್ತಿನ ಮೇಲೆ ಗಮನವೇ ಹೋಗುವುದಿಲ್ಲ. ನಾವು ಮೊದಲು "ಸೋಗು" ಅಂದುಕೊಂಡೆವು, ರೇಗಿದೆವು. ಅದು ಈಗಲೂ ನೋಯುತ್ತದೆ. ಆಮೇಲೆ ಥೆರಪಿಯವರು ಹೇಳಿದ ಹಾಗೆ ತಟ್ಟೆಯ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿದೆವು. "ಕೆಂಪು ಕಾಣುವವರೆಗೆ ಎಡಕ್ಕೆ ನೋಡಿ ಅತ್ತೆ" ಅಂತ ಪ್ರತಿ ಊಟದಲ್ಲೂ ಹೇಳಿದೆವು. ನಿಧಾನಕ್ಕೆ ಬಂತು.

ಯಲಹಂಕದ ತಾಯಿ

ಇಲ್ಲಿ ತಿಳಿದವರು ಇದ್ದೀರಿ, ಅದಕ್ಕೆ ಕೇಳುತ್ತೇನೆ. ನಮ್ಮ ಬಡಾವಣೆಯಲ್ಲಿ ಮಿಡ್‌ಬ್ರೈನ್ ಆಕ್ಟಿವೇಷನ್ ಅಂತ ಕ್ಲಾಸ್ ನಡೆಸುತ್ತಾರೆ. ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿದರೂ ಓದುತ್ತಾರಂತೆ. ಫೀಸು ಸಾವಿರಗಟ್ಟಲೆ. ಮಗಳನ್ನು ಸೇರಿಸಲಾ?

ಐಸಿಯು ಸಿಸ್ಟರ್

ಬೇಡಮ್ಮ, ಖಂಡಿತ ಬೇಡ. ಆ ದುಡ್ಡಲ್ಲಿ ಮಗುವಿಗೆ ಒಂದು ಒಳ್ಳೆಯ ಹೆಲ್ಮೆಟ್, ಹತ್ತು ಪುಸ್ತಕ ಕೊಡಿಸಿ.

ಮಿಡ್‌ಬ್ರೈನ್ ಅಂದರೆ ಮಧ್ಯಮೆದುಳು. ನಿಮ್ಮ ಮಗಳಿಗೆ ಅದು ಹುಟ್ಟುವ ಮೊದಲೇ ಕೆಲಸ ಶುರು ಮಾಡಿದೆ. ನಾವು ಐಸಿಯುನಲ್ಲಿ ಗಂಟೆಗಂಟೆಗೂ ರೋಗಿಯ ಕಣ್ಣಿಗೆ ಟಾರ್ಚ್ ಬಿಡುತ್ತೇವೆ, ನೋಡಿರುತ್ತೀರಿ. ಬೆಳಕಿಗೆ ಕಣ್ಣಿನ ಪಾಪೆ ಕಿರಿದಾಗಬೇಕು. ಆ ಕೆಲಸ ನಡೆಸುವುದು ಮಧ್ಯಮೆದುಳು. ಕಿರಿದಾಗಲಿಲ್ಲ ಅಂದರೆ ನಾವು ಡಾಕ್ಟರ್ ಹತ್ತಿರ ಓಡುತ್ತೇವೆ. ಮಗಳನ್ನು ಕಿಟಕಿ ಹತ್ತಿರ ನಿಲ್ಲಿಸಿ ನೋಡಿ, ಪಾಪೆ ಕಿರಿದಾಗುತ್ತದೆ. ಆಕ್ಟಿವೇಟ್ ಆಗಿಯೇ ಇದೆ. ಬಟ್ಟೆ ಕಟ್ಟಿದಾಗ ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ನೋಡುತ್ತಾರೆ, ಅಷ್ಟೇ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದನ್ನು ಎಷ್ಟೋ ಕಡೆ ತೋರಿಸಿಕೊಟ್ಟಿದ್ದಾರೆ. ಮಗುವಿಗೆ ಸುಳ್ಳು ಹೇಳುವುದನ್ನು ದುಡ್ಡು ಕೊಟ್ಟು ಕಲಿಸಿದ ಹಾಗಾಗುತ್ತದೆ.

ಮಧ್ಯಮೆದುಳಿನಲ್ಲೇ ಕಪ್ಪಗಿನ ಒಂದು ಪಟ್ಟಿ ಇದೆ, ಸಬ್‌ಸ್ಟಾನ್ಷಿಯಾ ನೈಗ್ರಾ. ಡೋಪಮೈನ್ ಅನ್ನುವ ರಾಸಾಯನಿಕ ತಯಾರಿಸಿ ಬೇಸಲ್ ಗ್ಯಾಂಗ್ಲಿಯಾಗೆ ಕಳಿಸುತ್ತದೆ. ಆ ಕೋಶಗಳು ಸತ್ತರೆ ಪಾರ್ಕಿನ್ಸನ್. ಕೈ ನಡುಗುತ್ತದೆ, ಹೆಜ್ಜೆ ಎತ್ತಲು ತಡವಾಗುತ್ತದೆ, ಅಕ್ಷರ ಚಿಕ್ಕದಾಗುತ್ತಾ ಹೋಗುತ್ತದೆ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಬರೆದದ್ದರಿಂದ ಆ ಹೆಸರು.

ಮೇಷ್ಟ್ರು ಬಿಟ್ಟ ಮೆದುಳು ಕಾಂಡದ ಬಗ್ಗೆ ನಾನೇ ಹೇಳುತ್ತೇನೆ. ಮಧ್ಯಮೆದುಳು, ಅದರ ಕೆಳಗೆ ಪಾನ್ಸ್, ಅದರ ಕೆಳಗೆ ಮೆಡುಲಾ. ಹೆಬ್ಬೆರಳಿನ ದಪ್ಪ, ಅಷ್ಟೇ. ಎಚ್ಚರ ಇರುವುದು, ಉಸಿರಾಡುವುದು, ಬಿಪಿ, ನುಂಗುವುದು, ಕೆಮ್ಮುವುದು ಎಲ್ಲ ಇಲ್ಲಿ. ದೊಡ್ಡ ಮೆದುಳಿನ ಒಂದು ಭಾಗ ಹೋದರೂ ಮನುಷ್ಯ ಬದುಕುತ್ತಾನೆ. ಕಾಂಡ ಪೂರ್ತಿ ಸತ್ತರೆ ಉಸಿರು ಮತ್ತೆ ಬರುವುದಿಲ್ಲ. ವೆಂಟಿಲೇಟರ್ ಗಾಳಿ ತುಂಬುತ್ತಿರುತ್ತದೆ, ಎದೆ ಏರಿಳಿಯುತ್ತದೆ, ಹೃದಯ ಸ್ವಲ್ಪ ಕಾಲ ಬಡಿಯುತ್ತದೆ, ಮೈ ಬೆಚ್ಚಗಿರುತ್ತದೆ. ಮನೆಯವರು "ಇನ್ನೂ ಇದ್ದಾರಲ್ಲ ಸಿಸ್ಟರ್" ಅಂತ ಕೈ ಹಿಡಿಯುತ್ತಾರೆ. ಆ ಮಾತಿಗೆ ಉತ್ತರ ಕೊಡುವುದು ನನ್ನ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ. ಇಷ್ಟು ವರ್ಷ ಆದರೂ ಅಭ್ಯಾಸ ಆಗಿಲ್ಲ. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಇದನ್ನು ಸಾವು ಅಂತ ಒಪ್ಪಿದ್ದಾರೆ. ಡಾಕ್ಟರ್‌ಗಳ ತಂಡ ಎರಡು ಸಲ ಪರೀಕ್ಷೆ ಮಾಡಿ, ನಡುವೆ ಕನಿಷ್ಠ ಆರು ಗಂಟೆ ಬಿಟ್ಟು ಖಚಿತ ಮಾಡುತ್ತದೆ. ಆಗ ಮನೆಯವರು ಒಪ್ಪಿದರೆ ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಅನ್ನುವ ಸರ್ಕಾರಿ ಸಂಸ್ಥೆಯ ಮೂಲಕ ಅಂಗದಾನ ಆಗುತ್ತದೆ.

ಇನ್ನೊಂದು ಹೇಳಬೇಕು. ಮೆದುಳಿಗೆ ಸ್ವಂತ ನೋವು ಗೊತ್ತಾಗುವುದಿಲ್ಲ. ತಲೆನೋವು ಬರುವುದು ಪೊರೆ, ರಕ್ತನಾಳ, ಸ್ನಾಯುಗಳಿಂದ. ಅದಕ್ಕೇ ಎಚ್ಚರ ಇರುವಾಗಲೇ ಆಪರೇಷನ್ ಮಾಡಲು ಆಗುತ್ತದೆ. 2017ರಲ್ಲಿ ನಮ್ಮ ಬೆಂಗಳೂರಿನಲ್ಲೇ ಒಬ್ಬರು ಟೇಬಲ್ ಮೇಲೆ ಮಲಗಿ ಗಿಟಾರ್ ನುಡಿಸುತ್ತಿರುವಾಗ ಥಲಾಮಸ್‌ನ ಒಂದು ಚುಕ್ಕೆಯಷ್ಟು ಜಾಗ ಸುಟ್ಟರು. ನುಡಿಸುವಾಗ ಮಾತ್ರ ಅವರ ಬೆರಳು ಸೆಟೆದುಕೊಳ್ಳುತ್ತಿತ್ತು. ಟೇಬಲ್ ಮೇಲೆಯೇ ಸಡಿಲವಾಯಿತು.

ಕೆಂಗೇರಿ ತಮ್ಮ

ಸಿಸ್ಟರ್ ಹೆಲ್ಮೆಟ್ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಸುಮ್ನೆ ಓದಿ ಹೋಗುತ್ತಿದ್ದೆ.

ನಮ್ಮಣ್ಣ ಮೈಸೂರು ರಸ್ತೆಯಲ್ಲಿ ಬೈಕಿಂದ ಬಿದ್ದ. ಹೆಲ್ಮೆಟ್ ಕೈಗೆ ಸಿಕ್ಕಿಸಿಕೊಂಡಿದ್ದ. ಹಣೆಗೆ ಪೆಟ್ಟಾಯಿತು. ಒಂದು ತಿಂಗಳಲ್ಲಿ ಎದ್ದ. ಓಡಾಡುತ್ತಾನೆ, ಮಾತಾಡುತ್ತಾನೆ, ಲೆಕ್ಕ ಮಾಡುತ್ತಾನೆ, ಹಳೆಯದೆಲ್ಲ ನೆನಪಿದೆ. ನೋಡಿದವರು "ಪೂರ್ತಿ ಸರಿಹೋದ" ಅಂತಾರೆ. ಆದರೆ ಅವನು ನಮ್ಮಣ್ಣ ಅಲ್ಲ. ಎಲ್ಲರನ್ನೂ ಸಮಾಧಾನ ಮಾಡುತ್ತಿದ್ದವನು ಈಗ ಅಂಗಡಿಯಲ್ಲಿ ಎರಡು ರೂಪಾಯಿ ಚಿಲ್ಲರೆಗೆ ಕೂಗಾಡುತ್ತಾನೆ. ಶುರು ಮಾಡಿದ ಕೆಲಸ ಮುಗಿಸುವುದಿಲ್ಲ. ಅತ್ತಿಗೆ ಅತ್ತರೆ ಅವನಿಗೆ ಏನೂ ಅನ್ನಿಸುವುದಿಲ್ಲ.

ಹಣೆಯ ಹಿಂದಿನ ಹಾಲೆಯ ಬಗ್ಗೆ ಓದುತ್ತಾ ಹೋದಾಗ ಫಿನಿಯಸ್ ಗೇಜ್ ಅನ್ನುವವರ ಕಥೆ ಸಿಕ್ಕಿತು. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಹಳಿಗೆ ಬಂಡೆ ಒಡೆಯುವಾಗ ಮೂರೂವರೆ ಅಡಿಗೂ ಉದ್ದದ ಕಬ್ಬಿಣದ ಸಲಾಕೆ ಅವರ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂತು. ಬದುಕಿದರು. ಆದರೆ ಗೆಳೆಯರು "ಇವನು ಮೊದಲಿನ ಗೇಜ್ ಅಲ್ಲ" ಅಂದರಂತೆ. ಅದನ್ನು ಓದಿ ರಾತ್ರಿಯೆಲ್ಲ ಅತ್ತೆ. ನಮ್ಮ ಮನೆಯ ಮಾತೇ ಅದು. ಆದರೆ ಗೇಜ್ ಆಮೇಲೆ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿದರು ಅಂತಲೂ ಇದೆ. ದಿನವೂ ಒಂದೇ ಕ್ರಮ, ಒಂದೇ ಹೊತ್ತು. ಅದನ್ನು ಹಿಡಿದುಕೊಂಡು ಅಣ್ಣನಿಗೂ ಗೋಡೆಯ ಮೇಲೆ ದಿನದ ಪಟ್ಟಿ ಬರೆದು ಹಾಕಿದ್ದೇವೆ. ಆರಕ್ಕೆ ಹಾಲು ತರುವುದು, ಏಳಕ್ಕೆ ಗಿಡಕ್ಕೆ ನೀರು. ಸ್ವಲ್ಪ ಪರವಾಗಿಲ್ಲ.

ಅತ್ತಿಗೆಗೆ ಒಂದೇ ಮಾತು ಹೇಳುತ್ತಿರುತ್ತೇನೆ. ಅವನು ಬೇಕು ಅಂತ ಮಾಡುತ್ತಿಲ್ಲ ಅತ್ತಿಗೆ, ತಡೆಯುವ ಜಾಗಕ್ಕೇ ಪೆಟ್ಟಾಗಿದೆ.

ಶ್ರೀನಗರದ ಮಗಳು

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ಕೆಂಗೇರಿ ತಮ್ಮ, ನಿಮ್ಮ ಅಣ್ಣನಿಗೆ ಒಳ್ಳೆಯದಾಗಲಿ.

ಮೂರು ವಾರದಲ್ಲಿ ಆದದ್ದನ್ನು ಬರೆಯುತ್ತೇನೆ. ಫಿಸಿಯೋ ಅಕ್ಕನ ಮಾತನ್ನು ಪ್ರಿಂಟ್ ತೆಗೆಸಿ ಅಮ್ಮನಿಗೆ ಓದಿ ಹೇಳಿದೆ. ಚಿಕ್ಕಪ್ಪ ಬಂದಾಗ ಅಮ್ಮನೇ ಬಾಗಿಲಲ್ಲಿ ನಿಂತು, "ಅವರಿಗೆ ಎಲ್ಲ ಅರ್ಥ ಆಗುತ್ತೆ, ಅವರ ಜೊತೆನೇ ಮಾತಾಡಿ, ಉತ್ತರಕ್ಕೆ ಕಾಯಿರಿ" ಅಂದರು. ಚಿಕ್ಕಪ್ಪ ಅಪ್ಪನ ಪಕ್ಕ ಕೂತು ಕ್ರಿಕೆಟ್ ಮಾತಾಡಿದರು. ಅಪ್ಪ ತಲೆಯಾಡಿಸಿದರು. ಒಂದು ಕಡೆ "ಇಲ್ಲ" ಅಂದರು, ಸ್ಪಷ್ಟವಾಗಿ!

ಸ್ಪೀಚ್ ಥೆರಪಿ ಶುರುವಾಗಿದೆ. ರಾಗದಲ್ಲಿ "ನೀ-ರು ಬೇ-ಕು" ಅಂತ ಎಡಗೈ ತಾಳ ಹಾಕಿಸುತ್ತಾರೆ. ಮನೆಯಲ್ಲಿ ಮಗನೂ ಜೊತೆಗೆ ತಾಳ ಹಾಕುತ್ತಾನೆ. ಹತ್ತು ಸಲದಲ್ಲಿ ಮೂರು ಸಲ ಬರುತ್ತದೆ. ಒಂದು ಪದ ಬಂದು ಇನ್ನೊಂದು ನಿಂತುಹೋಗುವುದೂ ಉಂಟು.

ಮಲ್ಲಿಗೆ ಮೊಗ್ಗು ಹೇಳಿದ ಹಾಗೆ ಬೀರುವಿನಿಂದ ಅಪ್ಪನ ಹಳೆಯ ವಾಚ್ ತೆಗೆದು ಎಡಗೈಗೆ ಕೊಟ್ಟೆ. ತುಂಬಾ ಹೊತ್ತು ನೋಡಿದರು. ಕಿವಿಗೆ ಹಿಡಿದರು. ನಿಂತುಹೋಗಿತ್ತು. ನಾನು "ಇದು ಯಾವುದಪ್ಪಾ" ಅಂತ ಎಳೆದು, ತಾಳ ಹಾಕಿ ಕೇಳಿದೆ. "ಜ... ಜನ... ಜನತಾ" ಅಂದರು. ಅದರ ಮಾಡೆಲ್ ಹೆಸರು ಅದೇ. ಆಮೇಲೆ ಬಲಗೈಯನ್ನು ಎಡಗೈಯಿಂದ ಎತ್ತಿ ತಂದು ಕೀ ಮೇಲೆ ಇಟ್ಟುಕೊಂಡರು. ಬೆರಳು ಮಡಚಲಿಲ್ಲ, ಆದರೆ ಹೆಬ್ಬೆರಳು ಒಂಚೂರು ಅಲುಗಿತು. ನಾನೂ ನೋಡಿದೆ, ಅಮ್ಮನೂ ನೋಡಿದರು.

ಅಕ್ಕ, ದಿನಾ ಆ ವಾಚ್‌ಗೆ ಬಲಗೈಯಲ್ಲಿ ಕೀ ಕೊಡಿಸುವ ಅಭ್ಯಾಸ ಮಾಡಿಸಬಹುದಾ? ಕೈಗೆ ಏನಾದರೂ ತೊಂದರೆ ಆಗುತ್ತದಾ?

ಫಿಸಿಯೋ ಅಕ್ಕ

ಮಾಡಿಸಿ ತಂಗಿ. ಆದರೆ ನೇರ ವಾಚ್‌ನಿಂದ ಶುರು ಮಾಡಬೇಡಿ. ಆ ಕೀ ತುಂಬಾ ಚಿಕ್ಕದು, ಆಗಲಿಲ್ಲ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ. ಮೊದಲು ಹಾರ್ಲಿಕ್ಸ್ ಬಾಟಲಿಯ ಮುಚ್ಚಳ, ಆಮೇಲೆ ನೀರಿನ ಬಾಟಲಿಯದು, ಆಮೇಲೆ ವಾಚ್. ಮೊಣಕೈ ಕೆಳಗೆ ದಿಂಬು ಇರಲಿ. ಭುಜವನ್ನು ಎಳೆಯಬೇಡಿ, ಬಿದ್ದ ಭುಜ ಬೇಗ ನೋಯುತ್ತದೆ. ಒಂದು ಸಲಕ್ಕೆ ಹತ್ತು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಕೈ ಏಳದಿದ್ದರೂ "ಕೀ ಕೊಡ್ತಾ ಇದ್ದೀನಿ" ಅಂತ ಅವರು ಮನಸ್ಸಿನಲ್ಲೇ ತಿರುಗಿಸಲಿ, ನೀವು ಅವರ ಬೆರಳು ಹಿಡಿದು ಜೊತೆಗೆ ತಿರುಗಿಸಿ. ಮೊದಲ ಆರು ತಿಂಗಳು ಚೇತರಿಕೆ ಜಾಸ್ತಿ, ಆಮೇಲೂ ನಿಲ್ಲುವುದಿಲ್ಲ.

ಹೆಬ್ಬೆರಳು ಅಲುಗಿದ್ದನ್ನು ವಿಡಿಯೋ ಮಾಡಿ ನಿಮ್ಮ ಥೆರಪಿಯವರಿಗೆ ನಾಳೆಯೇ ತೋರಿಸಿ.